ಮೂರನೆಯ ದೀಪ

"ಕೆಂಪು ಬಂತು ಕಣ್ರೋ!" ಎಂದು ಹಾಲಿನ ಡೇರಿಯ ಚಿರಂತ್ ಕುರ್ಚಿಯಿಂದ ಅರ್ಧ ಎದ್ದು, ಹೊರಗಿನ ಬೆಂಚಿನವರಿಗೆಲ್ಲ ಕೇಳುವಂತೆ ಕೂಗಿದ. ಗಂಟಲು ಕಟ್ಟಿ ಅವನ ಧ್ವನಿ ಒಡೆದಿತ್ತು, ಮೂಗು ಊದಿತ್ತು. ಆದರೂ ಮುಖದಲ್ಲಿ ಮದುವೆ ಗೊತ್ತಾದವನ ಕಳೆ.

ಡಾಕ್ಟರ್ ಸಿಂಚನಾ ನಗುತ್ತ ಮೇಜಿನ ಮೇಲಿದ್ದ ಉಪಕರಣದಿಂದ ಪಟ್ಟಿಯನ್ನು ಹೊರಗೆಳೆದರು. ಅಂಗೈಯಗಲದ, ಕಪ್ಪು ಕಲ್ಲಿನ ತುಂಡಿನಂತೆ ಕಾಣುವ ಆ ಉಪಕರಣಕ್ಕೆ ಅದನ್ನು ಕಂಡುಹಿಡಿದವರು ಒರೆಗಲ್ಲು ಎಂದು ಹೆಸರಿಟ್ಟಿದ್ದರು. ಚಿನ್ನವೋ ಹಿತ್ತಾಳೆಯೋ ಎಂದು ಅಕ್ಕಸಾಲಿ ಉಜ್ಜಿ ನೋಡುವ ಹಾಗೆ, ಜ್ವರದ ಹಿಂದಿರುವುದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಅದು ಒರೆ ಹಚ್ಚಿ ಹೇಳುತ್ತಿತ್ತು. ರೋಗಿಯ ಒಂದು ಹನಿ ರಕ್ತ, ಗಾಯವಿದ್ದರೆ ಅಲ್ಲಿಯ ತುಸು ಕೀವು, ಇಷ್ಟನ್ನು ಕಾಗದದ ಪಟ್ಟಿಗೆ ಹಚ್ಚಿ ಒಳಗೆ ತಳ್ಳಿದರೆ ಸಾಕು. ವೈರಸ್ ನುಗ್ಗಿದಾಗ ನಮ್ಮ ರಕ್ತದ ಬಿಳಿಯ ಕಣಗಳು ಕೂಗುವ ಕೂಗೇ ಬೇರೆ, ಬ್ಯಾಕ್ಟೀರಿಯಾ ನುಗ್ಗಿದಾಗ ಕೂಗುವ ಕೂಗೇ ಬೇರೆ. ಒರೆಗಲ್ಲು ಮೊದಲು ಆ ಕೂಗನ್ನು ಕೇಳಿಸಿಕೊಳ್ಳುತ್ತಿತ್ತು. ಆಮೇಲೆ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಓದಿ, ಅದು ಯಾವ ಔಷಧಗಳನ್ನು ಅರಗಿಸಿಕೊಳ್ಳಲು ಕಲಿತಿದೆ, ಯಾವುದಕ್ಕೆ ಇನ್ನೂ ಸಾಯುತ್ತದೆ ಎಂದು ನೋಡುತ್ತಿತ್ತು. ಹಸಿರು ದೀಪ ಹತ್ತಿದರೆ ಗೋಡೆಯಲ್ಲಿ ಕೂರಿಸಿದ ಔಷಧದ ಕಪಾಟು ತಾನಾಗಿ ತೆರೆದು, ಸರಿಯಾದ ಆಂಟಿಬಯೋಟಿಕ್ಕನ್ನು ಮುಂದೆ ತಳ್ಳುತ್ತಿತ್ತು. ಕೆಂಪು ಹತ್ತಿದರೆ ಕಪಾಟು ಮುಚ್ಚಿಯೇ ಇರುತ್ತಿತ್ತು. ಆಂಟಿಬಯೋಟಿಕ್ ಬೇಕಿಲ್ಲ, ನಿನ್ನ ಮೈ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಅದರ ಅರ್ಥ.

ಹಾಗಾಗಿ ಶಿಡ್ಲಘಟ್ಟದಲ್ಲಿ ಕೆಂಪು ಎಂದರೆ ಶುಭ. ಮಗುವಿಗೆ ಕೆಂಪು ಬಂದರೆ ತಾಯಂದಿರು ಬೆಂಚಿನವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. "ಅವನದು ಕೆಂಪು ದೀಪದ ಜಾತಕ" ಎಂದು ಅದೃಷ್ಟವಂತರನ್ನು ಕುರಿತು ಮಾತೇ ಹುಟ್ಟಿಕೊಂಡಿತ್ತು.

"ಬಿಸಿನೀರು ಕುಡಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು, ಎರಡು ದಿನ ಹಾಲಿನ ಕ್ಯಾನು ಹೊರಬೇಡ. ಹೋಗು," ಎಂದರು ಸಿಂಚನಾ.

ಈ ಮಾತನ್ನು ಇಷ್ಟು ನಿರಾಳವಾಗಿ ಹೇಳುವ ಭಾಗ್ಯ ಹಿಂದೆ ಇರಲಿಲ್ಲ. ಅವರು ಓದು ಮುಗಿಸಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಈ ಬೀದಿಯಲ್ಲಿ ಕ್ಲಿನಿಕ್ ತೆರೆದಾಗ, ಎದುರು ಕೂತ ಪ್ರತಿ ಜ್ವರವೂ ಒಂದು ಒಗಟು. ವೈರಸ್ಸೇ ಇರಬೇಕು, ಆದರೆ ಅಲ್ಲದಿದ್ದರೆ? ಈ ಮಗು ನಾಳೆ ನ್ಯುಮೋನಿಯಾ ಆಗಿ ಬಂದರೆ? ಹೊರಗೆ ಬೆಂಚು ತುಂಬಿದೆ, ತಾಯಿ "ಸ್ಟ್ರಾಂಗಾಗಿ ಏನಾದ್ರೂ ಕೊಡಿ" ಎನ್ನುತ್ತಿದ್ದಾಳೆ, ಕೊಡದಿದ್ದರೆ ಎದುರಿನ ಕ್ಲಿನಿಕ್ಕಿಗೆ ಹೋಗುತ್ತಾಳೆ, ಅಲ್ಲಿಯೂ ಕೊಡದಿದ್ದರೆ ಸೀದಾ ಔಷಧದ ಅಂಗಡಿಗೆ. ವೈದ್ಯರು ನಿಟ್ಟುಸಿರು ಬಿಟ್ಟು ಬರೆದುಬಿಡುತ್ತಿದ್ದರು. ಇರಲಿ ಎಂದು. ಅಪಾಯಕ್ಕೆ ಇರಲಿ. ದೇಶದ ಉದ್ದಗಲಕ್ಕೂ ಲಕ್ಷಾಂತರ ವೈದ್ಯರು ದಿನಾ ಹೇಳಿದ ಆ ಒಂದು 'ಇರಲಿ'ಯಿಂದ ಔಷಧಗಳು ಒಂದೊಂದಾಗಿ ಇಲ್ಲವಾದವು. ಬ್ಯಾಕ್ಟೀರಿಯಾಗಳು ಪ್ರತಿಯೊಂದನ್ನೂ ರುಚಿ ನೋಡಿ, ಅದರಲ್ಲೇ ಬದುಕುವುದನ್ನು ಕಲಿತವು. ಹೆರಿಗೆಯ ಗಾಯಕ್ಕೆ ಹೆಂಗಸರು ಸಾಯುವ ಕಾಲ ಮರಳಿ ಬಂತು. ಕೊನೆಗೆ, ಸಾದಾ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮುಂದೆ ಉಳಿದದ್ದು ತ್ರಾಣಿಸಿನ್ ಎಂಬ ಒಂದೇ ಔಷಧ. ಆಗಲೇ ಸರ್ಕಾರ ಔಷಧ ಸಂರಕ್ಷಣಾ ಮಂಡಳಿಯನ್ನು ಕಟ್ಟಿದ್ದು, ಅಂಗಡಿಗಳಲ್ಲಿ ಆಂಟಿಬಯೋಟಿಕ್ ಮಾರುವುದನ್ನು ನಿಲ್ಲಿಸಿದ್ದು, ಪ್ರತಿ ಕ್ಲಿನಿಕ್ಕಿಗೂ ಒರೆಗಲ್ಲು ಮತ್ತು ಬೀಗದ ಕಪಾಟು ಕೊಟ್ಟದ್ದು.

ಸಿಂಚನಾ ಒರೆಗಲ್ಲನ್ನು ದೇವರಂತೆ ನಂಬಿದ್ದರು. ಹೆಗಲ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗಾಗಿತ್ತು ಅವರಿಗೆ.

ಯಶಿಕಾ ಬಂದದ್ದು ಅದೇ ದಿನ ಮಧ್ಯಾಹ್ನ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ರೇಷ್ಮೆ ನೂಲು ತೆಗೆಯುವವಳು. ನೂಲು ತೆಗೆಯುವ ಯಂತ್ರಗಳು ಎಷ್ಟೇ ಬಂದಿದ್ದರೂ, ಬೆಂದ ಗೂಡಿನಿಂದ ಎಳೆಯ ತುದಿ ಹಿಡಿದು ಎತ್ತುವುದಕ್ಕೆ ಅವಳಂಥವರ ಬೆರಳೇ ಆಗಬೇಕಿತ್ತು. ದಿನವಿಡೀ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸುವವರ ಬೆರಳ ಚರ್ಮ ಬಿಳಿಚಿ, ಬಿರಿದು, ಸದಾ ಹಸಿ. ಅವಳ ಬಲಗೈಯ ತೋರುಬೆರಳು ಹಲಸಿನ ತೊಳೆಯಂತೆ ಊದಿತ್ತು. ಜೊತೆಗೆ ತಾಯಿ ಮೋನಿಕಮ್ಮ ಬಂದಿದ್ದಳು.

"ಒಂದು ವಾರದಿಂದ ಹೇಳ್ತಾ ಇದೀನಿ ಡಾಕ್ಟ್ರಮ್ಮ, ತೋರಿಸ್ಕೊಂಡು ಬಾರೇ ಅಂತ," ಎಂದಳು ಮೋನಿಕಮ್ಮ. "ಇವಳು ಕೆಲಸ ಬಿಟ್ಟಾಳಾ?"

"ಬೆಳ್ಳಗಿರೋ ಒಳ್ಳೇ ಗೂಡು ಬಂದಿತ್ತು ಮೇಡಂ," ಎಂದು ಯಶಿಕಾ ನಕ್ಕಳು. "ಅಂಥ ಗೂಡು ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರಲ್ಲ."

ಸಿಂಚನಾ ಬೆರಳನ್ನು ಕೊಯ್ದು ಕೀವು ಹೊರಗೆ ತೆಗೆದರು. ಕೈ ತಿರುಗಿಸಿ ನೋಡಿದರು. ಮಣಿಕಟ್ಟಿನಿಂದ ಮೊಣಕೈಯತ್ತ ಸಣ್ಣದೊಂದು ಕೆಂಪು ಗೆರೆ ಹರಿದಿತ್ತು. ಕಂಕುಳಲ್ಲಿ ಮುಟ್ಟಿದರೆ ನೋಯುವ ಗಂಟು. ನಾಡಿ ಓಡುತ್ತಿತ್ತು. ಕಣ್ಣು, ಬೆರಳು, ಅನುಭವ ಎಲ್ಲವೂ ಒಂದೇ ಮಾತು ಹೇಳಿದವು: ಇದು ಬ್ಯಾಕ್ಟೀರಿಯಾ, ರಕ್ತದತ್ತ ಹೊರಟಿದೆ, ಈಗಲೇ ತಡೆಯಬೇಕು.

ಒರೆಗಲ್ಲು ಕೆಂಪು ತೋರಿಸಿತು.

ನಾಡಿ, ಗೆರೆ, ಗಂಟು ಎಲ್ಲವನ್ನೂ ಯಂತ್ರಕ್ಕೆ ತಿಳಿಸಿ ಇನ್ನೊಂದು ಪಟ್ಟಿ ಹಾಕಿದರು. ಮತ್ತೆ ಕೆಂಪು.

"ಕೆಂಪು ಅಂದ್ರೆ ಒಳ್ಳೇದಲ್ವಾ ಡಾಕ್ಟ್ರಮ್ಮ?" ಎಂದಳು ಮೋನಿಕಮ್ಮ, ಅವರ ಮುಖ ನೋಡಿ.

ಸಿಂಚನಾ ಮಂಡಳಿಯ ಸಹಾಯವಾಣಿಗೆ ಫೋನ್ ಮಾಡಿದರು. ಅತ್ತಲಿನ ಧ್ವನಿ ವಿನಯವಾಗಿತ್ತು. "ಕೆಂಪು ಬಂದಿದೆ ಅಂದ್ರೆ ಆಂಟಿಬಯೋಟಿಕ್ ಅಗತ್ಯ ಇಲ್ಲ ಮೇಡಂ. ಕಣ್ಣಳತೆಯಲ್ಲಿ ಔಷಧ ಕೊಡೋ ಕಾಲ ಹೋಯ್ತಲ್ಲ. ಗಾಯ ಶುಚಿ ಮಾಡಿ, ಗಮನಿಸ್ತಾ ಇರಿ."

ಕಪಾಟು ಎರಡು ಮಾರು ದೂರದಲ್ಲಿತ್ತು. ಸುತ್ತಿಗೆಯಿಂದ ಒಡೆದರೆ ಒಡೆಯಬಹುದಾದ ಕಪಾಟು. ಸಿಂಚನಾ ಒಡೆಯಲಿಲ್ಲ. ಹನ್ನೆರಡು ವರ್ಷ ತಪ್ಪದ ಯಂತ್ರ. ತಪ್ಪಿದ್ದು ತಮ್ಮ ಕಣ್ಣೇ ಇರಬೇಕು ಎಂದುಕೊಂಡರು. ಗಾಯಕ್ಕೆ ಪಟ್ಟಿ ಕಟ್ಟಿ, ಕೈ ಎತ್ತಿಟ್ಟುಕೊಳ್ಳಲು ಹೇಳಿ, ಜ್ವರದ ಮಾತ್ರೆ ಕೊಟ್ಟರು. ಯಾಕೋ ಒರೆಗಲ್ಲಿಗೆ ಹಾಕಿದ್ದ ಆ ಎರಡು ಪಟ್ಟಿಗಳನ್ನು ಮಾತ್ರ ಮಂಡಳಿಗೆ ಒಪ್ಪಿಸುವ ಡಬ್ಬಕ್ಕೆ ಹಾಕದೆ ಫ್ರಿಜ್ಜಿನಲ್ಲಿಟ್ಟರು.

ಮರುದಿನ ಬೆಳಿಗ್ಗೆ ಮೋನಿಕಮ್ಮ ಮಗಳನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದಳು. ತೋಳು ಮೊಣಕೈವರೆಗೆ ಕಪ್ಪಿಟ್ಟಿತ್ತು. ಯಶಿಕಾ ಇಲ್ಲದ ತೊಟ್ಟಿಯಲ್ಲಿ ಇಲ್ಲದ ಎಳೆಯನ್ನು ಹುಡುಕುತ್ತ ಏನೋ ಗೊಣಗುತ್ತಿದ್ದಳು. ಸಿಂಚನಾ ತಾವೇ ಆಟೋ ಹತ್ತಿ ಜಿಲ್ಲಾ ಕೇಂದ್ರದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಒರೆಗಲ್ಲೂ ಕೆಂಪನ್ನೇ ತೋರಿಸಿತು. ಔಷಧವಿಲ್ಲದೆ ಶಸ್ತ್ರಚಿಕಿತ್ಸಕರಿಗೆ ಉಳಿದದ್ದು ಒಂದೇ ದಾರಿ. ಕೈಯನ್ನು ಮೊಣಕೈಯ ಕೆಳಗೆ ತೆಗೆದರು. ಜೀವ ಉಳಿಯಿತು.

ಮೂರು ದಿನದ ಮೇಲೆ ಆ ಶಸ್ತ್ರಚಿಕಿತ್ಸಕರು ಸಿಂಚನಾರನ್ನು ಪಕ್ಕಕ್ಕೆ ಕರೆದರು. "ನನಗೆ ಸಮಾಧಾನ ಆಗಲಿಲ್ಲ ಮೇಡಂ. ಹಳೇ ಕಾಲದ ಹಾಗೆ ಕೀವನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದ್ವಿ. ಬ್ಯಾಕ್ಟೀರಿಯಾ ತುಂಬಿ ತುಳುಕ್ತಾ ಇದೆ. ಮಿಕ್ಕ ಯಾವ ಔಷಧಕ್ಕೂ ಸಾಯಲ್ಲ, ಲ್ಯಾಬಲ್ಲಿ ಪರೀಕ್ಷೆಗೆ ಮಾತ್ರ ಇಟ್ಟಿರೋ ತ್ರಾಣಿಸಿನ್ ಒಂದು ಹನಿ ಹಾಕಿದ್ರೆ ಪೂರ್ತಿ ಸಾಯುತ್ತೆ."

"ಹಾಗಾದ್ರೆ ಒರೆಗಲ್ಲು ತಪ್ಪು ಹೇಳಿತು."

"ಎರಡು ಊರಿನ ಎರಡು ಯಂತ್ರ ಒಂದೇ ತಪ್ಪು ಹೇಳ್ತವಾ?" ಎಂದು ಅವರು ಧ್ವನಿ ತಗ್ಗಿಸಿದರು.

ಸಿಂಚನಾ ಆ ಪಟ್ಟಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಧಾರವಾಡದ ರೈಲು ಹತ್ತಿದರು. ಒರೆಗಲ್ಲನ್ನು ಕಂಡುಹಿಡಿದ ವಿಜ್ಞಾನಿ ಇಂದುಧರ ಬಣಕಾರ ನಿವೃತ್ತರಾಗಿ ಅಲ್ಲಿ ನೆಲೆಸಿದ್ದರು. ಎಪ್ಪತ್ತು ದಾಟಿದ, ಸಣಕಲು ಮೈಯ, ಜೋರು ದನಿಯ ಮನುಷ್ಯ.

"ಬರ್ರಿ, ಕುಂದರ್ರಿ. ನನ್ನ ಕಲ್ಲು ತಪ್ಪು ಹೇಳೇತಿ ಅಂತೀರಿ? ಇದುವರೆಗೂ ಯಾರೂ ಅಂದಿಲ್ಲ," ಎನ್ನುತ್ತಲೇ ಅವರು ಕಪಾಟಿನಿಂದ ಒಂದು ಹಳೆಯ ಒರೆಗಲ್ಲನ್ನು ತೆಗೆದರು. ಅವರು ಮೊಟ್ಟಮೊದಲು ಮಾಡಿದ್ದು. ಮೇಲೆ ಗೀರುಗಳಿದ್ದವು, ಒಂದು ಮೂಲೆ ಒಡೆದಿತ್ತು. ಸಿಂಚನಾ ನೋಡುತ್ತಿದ್ದಂತೆ ಪಟ್ಟಿಯನ್ನು ಒಳಗೆ ತಳ್ಳಿದರು.

ಹಳದಿ ದೀಪ ಹತ್ತಿತು.

ಅಂಥ ದೀಪವೊಂದು ಇರಬಹುದೆಂದೇ ಸಿಂಚನಾರಿಗೆ ಗೊತ್ತಿರಲಿಲ್ಲ.

"ಹೂಂ," ಎಂದರು ಬಣಕಾರ, ಕುರ್ಚಿಗೆ ಒರಗಿ. "ಕಲ್ಲು ತಪ್ಪಿಲ್ರಿ. ನಾ ಮಾಡಿದ್ದು ಮೂರು ದೀಪ. ಹಸಿರು ಅಂದ್ರ, ಸಾದಾ ಔಷಧ ಸಾಕು, ಕೊಡ್ರಿ. ಕೆಂಪು ಅಂದ್ರ, ಬ್ಯಾಕ್ಟೀರಿಯಾ ಇಲ್ಲ, ಬ್ಯಾಡ. ಹಳದಿ ಅಂದ್ರ, ಬ್ಯಾಕ್ಟೀರಿಯಾ ಐತಿ, ಕೊನೇ ಔಷಧ ಒಂದಕ್ಕ ಬಗ್ಗತೈತಿ, ಆದ್ರ ಕೊಟ್ಟಷ್ಟೂ ಆ ಔಷಧ ಸವೀತೈತಿ. ವೈದ್ಯರು, ರೋಗಿ ಕೂತು ತೀರ್ಮಾನ ಮಾಡ್ರಿ. ಮೊದಲ ವರ್ಷ ಹಂಗ ಇತ್ತು, ನಮ್ಮ ಜಿಲ್ಲಾದಾಗ ಪ್ರಯೋಗ ಮಾಡಿದಾಗ. ಏನಾತು ಗೊತ್ತೇನು? ಹಳದಿ ಹತ್ತಿದ ಕಡೆ ಎಲ್ಲಾ ವೈದ್ಯರೂ ಕೊಟ್ಟರು. ಒಬ್ಬರೂ ಬ್ಯಾಡ ಅನ್ನಲಿಲ್ಲ. ಅದಕ್ಕ ಮಂಡಳಿಯವರು ಹಳದಿ ತಗದು ಕೆಂಪಿನಾಗ ಸೇರಿಸಿದ್ರು. ಬಹಳ ಗಂಭೀರ ಇದ್ದವರಿಗೆ ಮಾತ್ರ ಹಸಿರು ಹತ್ತೂ ಹಂಗ ಲೆಕ್ಕ ಇಟ್ಟರು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತ್ರಿ. ಮತ್ತ ಅದು ಸರಿ ಅಂತನ ಈಗೂ ಅಂತೀನಿ. ಕೇಳಿದವರಿಗೆಲ್ಲಾ ತ್ರಾಣಿಸಿನ್ ಕೊಟ್ಟಿದ್ದರ ಇಷ್ಟೊತ್ತಿಗೆ ಅದೂ ಸತ್ತು ಹೋಗ್ತಿತ್ತು. ನಿಮ್ಮ ಹುಡುಗಿ ಒಬ್ಬಾಕಿ ಕೈ ಹೋತು. ಅದು ಸತ್ತಿದ್ದರ ಎಷ್ಟು ಜನ ಹೋಗ್ತಿದ್ರು, ಲೆಕ್ಕ ಹಾಕ್ರಿ."

ಸಿಂಚನಾರ ಕಿವಿ ಬಿಸಿಯಾಯಿತು. ಈ ವಯಸ್ಸಿನವರೆಗೂ ಅವರು ಯಾರ ಮೇಲೂ ದನಿ ಏರಿಸಿದವರಲ್ಲ.

"ಲೆಕ್ಕ ಸರಿ ಇರಬಹುದು ಸರ್. ಹಾಗಾದ್ರೆ ಅದನ್ನೇ ಹೇಳಿ! 'ಔಷಧ ಇದೆ, ನಿನಗೆ ಕೊಡಲ್ಲ' ಅಂತ ಅವಳ ಮುಖ ನೋಡಿ ಹೇಳಿ. 'ನಿನಗೆ ಬೇಕಾಗಿಲ್ಲ' ಅಂತ ಯಾಕೆ ಸುಳ್ಳು ಹೇಳಿಸಿದ್ರಿ, ಅದೂ ನನ್ನ ಬಾಯಲ್ಲಿ? ಕೆಂಪು ಬಂತು ಅಂತ ಜನ ಸಕ್ಕರೆ ಹಂಚ್ತಾರೆ ನಮ್ಮೂರಲ್ಲಿ. ಹೇಳಿದ್ದಿದ್ರೆ ಅವತ್ತೇ ಅವಳನ್ನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಕೈ ಇನ್ನೂ ಅಗಲ ಕೊಯ್ಸಿ ತೊಳೆಸ್ತಿದ್ದೆ. ಕೈ ಉಳೀತಿತ್ತೋ ಏನೋ. ಬೆರಳೊಂದು ಹೋಗಿ ಮಿಕ್ಕಿದ್ದು ಉಳೀತಿತ್ತೋ ಏನೋ. ಆ ಒಂದು ದಿನವನ್ನ ನಿಮ್ಮ ಕೆಂಪು ದೀಪ ಕದ್ದುಕೊಂಡಿತು."

"ಔಷಧ ಇಟ್ಕೊಂಡು ಕೊಡೋದಿಲ್ಲ ಅಂತ ರೋಗಿ ಮುಂದ ಹೇಳೋ ಎದೆ ಯಾವ ವೈದ್ಯಗ ಐತ್ರಿ?"

"ಇಲ್ಲ. ಅದಕ್ಕೆ ನಮ್ಮ ಪರವಾಗಿ ಯಂತ್ರ ಸುಳ್ಳು ಹೇಳಬೇಕಾ?"

ಬಣಕಾರ ಹಳೆಯ ಕಲ್ಲನ್ನು ತಮ್ಮತ್ತ ತಿರುಗಿಸಿಕೊಂಡರು. ಹಳದಿ ದೀಪ ಇನ್ನೂ ಉರಿಯುತ್ತಿತ್ತು. "ಮಂಡಳಿ ಮುಂದ ದೂರು ಕೊಡ್ರಿ. ನಾನೂ ಬರ್ತೀನಿ. ನಿಮ್ಮ ಪರ ಮಾತಾಡ್ತೀನಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ," ಎಂದರು.

ವಿಚಾರಣೆ ಬೆಂಗಳೂರಿನಲ್ಲಿ ನಡೆಯಿತು. ಗಾಜಿನ ಗೋಡೆಯ ಕೋಣೆ, ಮೊಟ್ಟೆಯಾಕಾರದ ಮೇಜು. ಮಂಡಳಿಯ ಅಧ್ಯಕ್ಷರು ಸುಸಂಸ್ಕೃತರು. ಯಶಿಕಾಳನ್ನು ಕಂಡು ಎದ್ದು ನಿಂತು ನಮಸ್ಕರಿಸಿದರು. ಅವಳು ಎಡಗೈಯನ್ನು ಎದೆಗೆ ಒತ್ತಿಕೊಂಡು ತಲೆಬಾಗಿಸಿದಳು.

"ಈ ತಾಯಿಗೆ ಆದದ್ದಕ್ಕೆ ನಮಗೆಲ್ಲ ದುಃಖವಿದೆ," ಎಂದರು ಅಧ್ಯಕ್ಷರು. "ಆದರೆ ಒರೆಗಲ್ಲು ನಿಯಮದಂತೆಯೇ ನಡೆದುಕೊಂಡಿದೆ. ಜನರಿಗೆ ಎಲ್ಲವನ್ನೂ ಹೇಳಿದರೆ ಗಾಬರಿಯಾಗುತ್ತಾರೆ. ಕಪಾಟುಗಳನ್ನು ಒಡೆಯುತ್ತಾರೆ. ನೆಮ್ಮದಿಯೂ ಒಂದು ಔಷಧವೇ ಅಲ್ಲವೇ?"

"ಯಶಿಕಾಳ ಸ್ಥಿತಿ ಗಂಭೀರ ಅಂತ ಲೆಕ್ಕಕ್ಕೆ ಯಾಕೆ ಬರಲಿಲ್ಲ?" ಎಂದರು ಸಿಂಚನಾ. "ನಾಡಿ, ಕೆಂಪು ಗೆರೆ, ಕಂಕುಳಿನ ಗಂಟು ಎಲ್ಲ ನಾನು ಯಂತ್ರಕ್ಕೆ ತಿಳಿಸಿದ್ದೆ."

"ಬಂದಿದೆ. ಆದರೆ ರೋಗಿ ವಾಸಿಸುವ ಪ್ರದೇಶದ ಅಂಕವೂ ಸೇರುತ್ತದೆ."

"ಪ್ರದೇಶದ ಅಂಕ ಅಂದ್ರ?" ಬಣಕಾರ ಮುಂದಕ್ಕೆ ಬಾಗಿದರು. "ಅದನ್ನ ನಾ ಇಟ್ಟಿಲ್ಲಲ್ಲ?"

ಅಧ್ಯಕ್ಷರು ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಎನ್ನುವ ಹಾಗೆ ವಿವರಿಸಿದರು. "ನಂತರ ಸೇರಿಸಿದ್ದು, ಸರ್. ಕೆಲವು ಊರುಗಳಲ್ಲಿ ಚರಂಡಿ ಸರಿಯಿಲ್ಲ, ನೀರು ಶುದ್ಧವಿಲ್ಲ, ಜನ ಒತ್ತೊತ್ತಾಗಿ ಬದುಕುತ್ತಾರೆ. ಅಲ್ಲಿ ಒಬ್ಬರಿಗೆ ತ್ರಾಣಿಸಿನ್ ಕೊಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿ ಬೇಗ ಹರಡುತ್ತದೆ. ಅಂಥ ಊರುಗಳಲ್ಲಿ ಔಷಧ ಕೊಡುವುದು ಸೋರುವ ಕೊಡಕ್ಕೆ ನೀರು ಹುಯ್ದ ಹಾಗೆ. ಒಳ್ಳೆಯ ವ್ಯವಸ್ಥೆ ಇರುವ ಕಡೆ ಅಂಕ ಹೆಚ್ಚು. ಉದಾಹರಣೆಗೆ ನಗರದ ಆಸ್ಪತ್ರೆಗಳಲ್ಲಿ ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ಮುನ್ನೆಚ್ಚರಿಕೆಯಾಗಿ ಒಂದು ಡೋಸ್ ತ್ರಾಣಿಸಿನ್ ಕೊಡುತ್ತೇವೆ. ಅಲ್ಲಿ ಅಪಾಯ ಕಡಿಮೆ."

ಸಿಂಚನಾ ಕೇಳಿದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡರು. ರೋಗವೇ ಇಲ್ಲದ ಮಂಡಿಗೆ, ಮುನ್ನೆಚ್ಚರಿಕೆಗೆ, ಇರಲಿ ಎಂದು. ರಕ್ತಕ್ಕೆ ವಿಷ ಏರುತ್ತಿದ್ದ ಕೈಗೆ ಇಲ್ಲ. ಕಾರಣ, ಆ ಕೈಯಿದ್ದ ಬೀದಿಯಲ್ಲಿ ಚರಂಡಿ ಇಲ್ಲ. ಚರಂಡಿ ಕಟ್ಟಿಸಿಕೊಡದವರೇ, ಚರಂಡಿ ಇಲ್ಲವೆಂದು ಔಷಧವನ್ನೂ ಕಿತ್ತುಕೊಂಡಿದ್ದರು.

ಆದರೆ ಮೊದಲು ಸಿಡಿದವರು ಬಣಕಾರ. ಮೇಜನ್ನು ಗುದ್ದಿ ಎದ್ದು ನಿಂತರು. ಅವರ ಕೊರಳ ನರ ಉಬ್ಬಿತ್ತು.

"ಒರೆಗಲ್ಲು ಅಂತ ಹೆಸರಿಟ್ಟವನು ನಾನು! ಒರೆಗಲ್ಲು ಚಿನ್ನ ನೋಡತೈತಿ, ಚಿನ್ನ ತಂದವನ ಓಣಿ ನೋಡೂದಿಲ್ಲ! ನಾ ಬ್ಯಾಕ್ಟೀರಿಯಾ ಅಳಿಯೋ ಯಂತ್ರ ಮಾಡಿದೆ. ನೀವು ಅದರಾಗ ಮನುಷ್ಯಾರನ್ನ ಅಳದೀರಿ!"

"ಸರ್, ಒಟ್ಟಾರೆ ಅಂಕಿಅಂಶ ನೋಡಿದರೆ..."

"ಒಂದು ಮಾತು ಕೇಳ್ಲಾ ಸಾರ್?" ಎಂದಳು ಯಶಿಕಾ.

ಎಲ್ಲರೂ ಅವಳತ್ತ ತಿರುಗಿದರು. ಅವಳ ದನಿಯಲ್ಲಿ ಅಳುವಿರಲಿಲ್ಲ.

"ಆ ಔಷಧ ನಂಗೆ ಕೊಟ್ರೆ ಬೇರೆಯವರಿಗೆ ಮುಂದೆ ತೊಂದ್ರೆ ಆಗ್ತಿತ್ತು ಅಂತೀರಲ್ಲ, ಇರ್ಬಹುದು. ನಂಗೂ ಮಗಳಿದಾಳೆ. ಅವಳಿಗೆ ಉಳೀಲಿ, ಬೇಡ ಅಂತ ನಾನೇ ಅಂತಿದ್ನೇನೋ. ಕೊಡಿ, ನಂಗೆ ಕೈ ಬೇಕು ಅಂತ ಕಾಲು ಹಿಡೀತಿದ್ನೇನೋ. ಏನಂತಿದ್ದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಯಾಕಂದ್ರೆ ನೀವು ಕೇಳಲೇ ಇಲ್ಲ. ನನ್ನ ಕೈ ಸಾರ್ ಅದು. ಒಂದು ಮಾತು ಕೇಳ್ಬೇಕಾಗಿತ್ತು."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಮಂಡಳಿ ಪರಿಶೀಲಿಸುವುದಾಗಿ ಹೇಳಿದರು. ಚಹಾ ಬಂತು. ಯಶಿಕಾ ಕುಡಿಯಲಿಲ್ಲ.

ಆ ಪರಿಶೀಲನೆ ಮುಗಿಯುವ ಲಕ್ಷಣ ಕಾಣಲಿಲ್ಲ. ಸಿಂಚನಾ ಕಾಯಲೂ ಇಲ್ಲ. ಊರಿಗೆ ಬಂದವರೇ ಕ್ಲಿನಿಕ್ಕಿನ ಬಾಗಿಲಿಗೆ ಬೋರ್ಡು ತೂಗುಹಾಕಿದರು: "ಕೆಂಪು ದೀಪಕ್ಕೆ ಎರಡು ಅರ್ಥ ಇವೆ. ನಿಮ್ಮದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ." ಅತ್ತ ಬಣಕಾರ ಧಾರವಾಡದಲ್ಲಿ ಕುಳಿತು, ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮ ಯಂತ್ರದ ಒಂದು ಗುಟ್ಟನ್ನು ಬಯಲು ಮಾಡಿದರು. ಬಳಸಿದ ಪಟ್ಟಿಯ ಮೇಲೆ ಸಾದಾ ನೀಲಿ ಬೆಳಕಿನ ಟಾರ್ಚು ಹಿಡಿದರೆ, ಬ್ಯಾಕ್ಟೀರಿಯಾ ಇದ್ದ ಕಡೆ ಹೊಳೆಯುವ ಎರಡನೆಯ ಗೆರೆಯೊಂದು ಕಾಣುತ್ತದೆ. ದೀಪ ಏನೇ ಹೇಳಲಿ, ಗೆರೆ ಸುಳ್ಳು ಹೇಳುವುದಿಲ್ಲ.

ವಾರ ಕಳೆಯುವುದರೊಳಗೆ ಚಿಂತಾಮಣಿ, ಹಾವೇರಿ, ಸಿಂಧನೂರು ಎಂದು ಎಲ್ಲೆಲ್ಲಿಂದಲೋ ವೈದ್ಯರ ಫೋನು ಬರತೊಡಗಿತು. ಎಲ್ಲರದ್ದೂ ಸಣ್ಣ ಕ್ಲಿನಿಕ್ಕು, ಎಲ್ಲರ ಮಾತೂ ಒಂದೇ: "ನನ್ನ ಹತ್ತಿರವೂ ಇಂಥ ಒಬ್ಬರಿದ್ದರು ಮೇಡಂ." ಒಬ್ಬ ವೈದ್ಯೆ ಬಾಣಂತಿಯೊಬ್ಬಳ ಹೆಸರು ಹೇಳಲು ಹೋಗಿ ಮಾತು ಮುಗಿಸಲಾಗದೆ ಫೋನಿಟ್ಟಳು. ಪರವಾನಗಿ ರದ್ದು ಮಾಡುವುದಾಗಿ ಮಂಡಳಿ ಎಚ್ಚರಿಕೆ ಕೊಟ್ಟಿತು. ಟಾರ್ಚುಗಳು ಹೆಚ್ಚಾದವು. ಚಿರಂತ್ ಹಾಲಿನ ಗಾಡಿಯ ಹಿಂದೆ "ನನ್ನ ದೀಪ ಯಾವುದು?" ಎಂದು ದೊಡ್ಡಕ್ಷರದಲ್ಲಿ ಬರೆಸಿಕೊಂಡು ತಿರುಗಿದ. ಜನ ಕಪಾಟು ಒಡೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಕೂತು, ತಮ್ಮ ಪಟ್ಟಿಗೆ ಟಾರ್ಚು ಹಿಡಿಯುವುದನ್ನು ಉಸಿರು ಬಿಗಿಹಿಡಿದು ನೋಡಿದರು, ಅಷ್ಟೇ. ಕೊನೆಗೆ ಮಂಡಳಿ ಸೋತಿತು. ಹಳದಿ ದೀಪ ಮರಳಿ ಬಂತು. ಪ್ರದೇಶದ ಅಂಕ ಹೋಯಿತು. ಹಳದಿ ಹತ್ತಿದಾಗ ಕಪಾಟು ತೆರೆಯುವುದೋ ಬೇಡವೋ ಎಂಬುದನ್ನು ರೋಗಿಯೊಡನೆ ಮಾತಾಡಿ ವೈದ್ಯರೇ ನಿರ್ಧರಿಸಬೇಕು ಎಂದಾಯಿತು.

ಯಶಿಕಾಳ ಕೈಯೇನೂ ಮರಳಿ ಬರಲಿಲ್ಲ. ನೂಲಿನ ಎಳೆ ಹಿಡಿಯಬಲ್ಲ ಕೃತಕ ಬೆರಳು ಇನ್ನೂ ಬಂದಿರಲಿಲ್ಲ. ಅವಳು ಈಗ ಸಿಂಚನಾರ ಕ್ಲಿನಿಕ್ಕಿನಲ್ಲಿ ಹೊರಗಿನ ಬೆಂಚಿನವರಿಗೆ ಮೂರು ದೀಪಗಳ ಅರ್ಥ ಹೇಳುವ ಕೆಲಸ ಮಾಡುತ್ತಿದ್ದಳು. ಸಿಟ್ಟಿನಿಂದಲೇ ಹೇಳುತ್ತಿದ್ದಳು, ಆದ್ದರಿಂದಲೇ ಯಾರೂ ಮರೆಯುತ್ತಿರಲಿಲ್ಲ.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಯಶಿಕಾ ತಾಯಿಯನ್ನು ತೋಳಿಗೆ ಆನಿಸಿಕೊಂಡು ಒಳಗೆ ಕರೆತಂದಳು. ಮೋನಿಕಮ್ಮನಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಬಲಭಾಗದಲ್ಲಿ ಹುರಿದ ಉಪ್ಪು ಸಿಡಿದಂಥ ಸದ್ದು. ನ್ಯುಮೋನಿಯಾ. ಸಿಂಚನಾ ಪಟ್ಟಿಯನ್ನು ಒರೆಗಲ್ಲಿಗೆ ತಳ್ಳಿದರು.

ಹಳದಿ.

ಅವರು ಹೋರಾಡಿ ಗೆದ್ದು ತಂದ ದೀಪ. ಈಗ ಅದು ಅವರನ್ನೇ ನೋಡುತ್ತಿತ್ತು. ಹೆಗಲ ಮೇಲಿನ ಹೊರೆ ಮರಳಿ ಬಂದು ಕೂತಿತ್ತು. ಅದು ಇಷ್ಟು ಭಾರವೆಂಬುದನ್ನು ಅವರು ಮರೆತೇಬಿಟ್ಟಿದ್ದರು. ಇದೇ ವಾರದಲ್ಲಿ ಇದು ನಾಲ್ಕನೆಯ ಹಳದಿ. ಮೊದಲಿನವರಿಬ್ಬರಿಗೆ ಕೊಟ್ಟಿದ್ದರು. ಇನ್ನೊಬ್ಬರ ಜೊತೆ ಬಹಳ ಹೊತ್ತು ಮಾತಾಡಿ, ಗಾಯ ತೊಳೆದು, ಕಾದು ನೋಡೋಣವೆಂದಿದ್ದರು. ಆ ಮನುಷ್ಯನ ಮನೆಗೆ ದಿನಕ್ಕೆರಡು ಸಲ ತಾವೇ ಹೋಗಿ ಬರುತ್ತಿದ್ದರು, ಎದೆಯಲ್ಲಿ ಕಲ್ಲು ಹೊತ್ತುಕೊಂಡು.

ಅವರು ಮೋನಿಕಮ್ಮನ ಪಕ್ಕ ಕೂತು ಬಿಡಿಸಿ ಹೇಳಿದರು. ಈ ಔಷಧ ನಾಟುತ್ತದೆ. ಕೊಡದಿದ್ದರೆ ಉಳಿಯುವ ಸಂಭವ ಕಡಿಮೆ. ಆದರೆ ಪ್ರತಿ ಸಲ ಕೊಟ್ಟಾಗಲೂ ಇದರ ಆಯುಸ್ಸು ಅಷ್ಟಷ್ಟೇ ತಗ್ಗುತ್ತದೆ, ಇದು ಹೋದರೆ ಹಿಂದೆ ಇನ್ನೊಂದಿಲ್ಲ. ಏನು ಮಾಡೋಣ?

ಮೋನಿಕಮ್ಮ ಉಸಿರು ಎಳೆದುಕೊಂಡಳು. "ಕೊಡಿ ಡಾಕ್ಟ್ರಮ್ಮ. ನಂಗಿನ್ನೂ ಬದುಕೋ ಆಸೆ ಐತೆ. ಬೇಡ ಅಂದ್ರೆ ಎಲ್ರೂ ದೊಡ್ಡೋಳು ಅಂತಾರೆ ಅಂತ ಬೇಡ ಅನ್ನೋಕಾಗಲ್ಲ."

ಯಶಿಕಾಳಿಗೆ ಕಣ್ಣು ತುಂಬಿಕೊಂಡೇ ನಗು ಬಂತು. ಸಿಂಚನಾ ಕಪಾಟಿಗೆ ಹೆಬ್ಬೆಟ್ಟು ಒತ್ತಿದರು. ಬಾಗಿಲು ಸರಿಯಿತು. ಕಿರುಬೆರಳಿನಷ್ಟು ಸೀಸೆ. ಅದನ್ನು ಸಲೈನಿಗೆ ಬೆರೆಸಿ ಮೋನಿಕಮ್ಮನ ಕೈಯ ನರಕ್ಕೆ ಹನಿಹನಿಯಾಗಿ ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಉಸಿರು ಸ್ವಲ್ಪ ಹಗುರಾಯಿತು. ಯಶಿಕಾ ಹನಿ ಬೀಳುವುದನ್ನೇ ನೋಡುತ್ತ ಕೂತಿದ್ದಳು.

"ಅಮ್ಮ, ನೀನು ನನ್ನ ವಯಸ್ಸಲ್ಲಿದ್ದಾಗ ಇಂಥ ಔಷಧ ಎಷ್ಟಿದ್ವು?"

"ಬೇಕಾದಷ್ಟು," ಎಂದಳು ಮೋನಿಕಮ್ಮ ಕಣ್ಣುಮುಚ್ಚಿಕೊಂಡೇ. "ನೆಗಡಿ ಬಂದ್ರೂ ಅಂಗಡಿಗೆ ಹೋಗಿ ಕೇಳಿ ತಗೊಂಡು ಬರ್ತಿದ್ವಿ. ಎರಡು ನುಂಗಿ ಹುಷಾರಾದ್ರೆ ಮಿಕ್ಕಿದ್ದು ಡಬ್ಬೀಲಿ ಬಿದ್ದಿರ್ತಿತ್ತು. ಪಕ್ಕದ ಮನೆಯವ್ರು ಕೇಳಿದ್ರೆ ಅದನ್ನೇ ಕೊಡ್ತಿದ್ವಿ. ಕೋಳಿ ಫಾರಂನಾಗೂ ಹಾಕ್ತಿದ್ರು, ಬೇಗ ದಪ್ಪ ಆಗ್ಲಿ ಅಂತ."

"ಮುಂದೆ ಹಿಂಗಾಗುತ್ತೆ ಅಂತ ಯಾರೂ ಹೇಳ್ಲಿಲ್ವಾ ನಿಮಗೆ?"

ಸಿಂಚನಾ ಸಲೈನಿನ ಹನಿಯನ್ನು ಸರಿಮಾಡುತ್ತಿದ್ದವರು ಕೈ ನಿಲ್ಲಿಸಿದರು.

"ಹೇಳಿದ್ರು," ಎಂದಳು ಮೋನಿಕಮ್ಮ. "ಹೇಳ್ತಾನೇ ಇದ್ರು. ಕೈಯಲ್ಲಿ ಯಾವಾಗ್ಲೂ ಫೋನ್ ಇರ್ತಿತ್ತಲ್ಲ, ಅದರಲ್ಲೇ ಬರ್ತಿತ್ತು. ಓದ್ತಿದ್ವಿ. ಅಯ್ಯೋ, ಹೌದಾ ಅಂತಿದ್ವಿ. ಆಮೇಲೆ ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದಿನದು ನೋಡ್ತಿದ್ವಿ."